ಕೋಲಾ ಬಿಡಿ, ಮೊದಲು ಆ ಮಾವಿನ ಹಣ್ಣಿನ ಪ್ಯಾಕ್ ಮೇಲೆ ಎಚ್ಚರಿಕೆ ಹಾಕಿ

ಕೋಲಾ ಬಾಟಲಿ ಮೇಲೆ "ಇದರಲ್ಲಿ ಸಕ್ಕರೆ ಜಾಸ್ತಿ" ಅಂತ ದೊಡ್ಡದಾಗಿ ಬರೆದರೆ ಬೆಂಗಳೂರಿನ ನಮ್ಮ ವಿಜಯನಗರದ ಕಡೆಯ ಅಪ್ಪ ಅಮ್ಮಂದಿರು ಯಾರೂ ಬೆಚ್ಚಿ ಬೀಳುವುದಿಲ್ಲ. ಅದು ಯಾವತ್ತೋ ಗೊತ್ತಿರುವ ವಿಷಯ. ಮಗು ಕೋಲಾ ಕೇಳಿದರೆ "ಹಲ್ಲೆಲ್ಲ ಹಾಳಾಗುತ್ತೆ ನೋಡು" ಅಂತ ಹೆದರಿಸುತ್ತಾರೆ, ಅದೇ ಫ್ರಿಜ್ಜಿನ ಕೆಳಗಿನ ಸಾಲಿನಿಂದ ಮಾವಿನ ಹಣ್ಣಿನ ಟೆಟ್ರಾ ಪ್ಯಾಕ್ ತೆಗೆದು ಕೊಡುತ್ತಾರೆ. ಹಣ್ಣಲ್ವಾ, ಪರವಾಗಿಲ್ಲ ಅಂತ. ಸಿಹಿ ಪಾನೀಯಗಳ ಮೇಲೆ ಎಚ್ಚರಿಕೆ ಲೇಬಲ್ ಬೇಕೋ ಬೇಡವೋ ಅನ್ನೋ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವುದು ಕೋಲಾ ಅಲ್ಲ, ಆ ಕೆಳಗಿನ ಸಾಲು.

ಆ ಸಾಲಿನಲ್ಲಿ ಏನೇನಿರುತ್ತದೆ ನೋಡಿ. ಮಾವು, ಲಿಚಿ, ಮಿಕ್ಸೆಡ್ ಫ್ರೂಟ್. ಫ್ಲೇವರ್ ಹಾಕಿದ ಹಾಲು. ಗ್ಲೂಕೋಸ್ ನೀರು. ಆಟ ಆಡಿ ಬಂದವರಿಗೆ ಅಂತ ನೀಲಿ ಬಣ್ಣದ ಒಂದು ಬಾಟಲಿ. ಇವುಗಳನ್ನು ಕೊಡಿಸುವಾಗ ಯಾರಿಗೂ ಮನಸ್ಸು ಚುಚ್ಚುವುದಿಲ್ಲ. ಕೆಲವರಂತೂ ಡಬ್ಬಿಗೇ ಹಾಕಿ ಕಳಿಸುತ್ತಾರೆ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು ಅಪ್ಪ ಅಮ್ಮಂದಿರನ್ನೇ ಕೇಳಿ ಒಂದು ಅಧ್ಯಯನ ಮಾಡಿದ್ದರು. ಹಿಂದಿನ ಒಂದು ತಿಂಗಳಲ್ಲಿ ಮಕ್ಕಳಿಗೆ ಯಾವುದಾದರೂ ಸಿಹಿ ಪಾನೀಯ ಕೊಟ್ಟಿದ್ದವರು ಶೇ. 96. ಕೋಲಾ ಥರದ ಸೋಡಾ ಕೆಟ್ಟದ್ದು ಅಂತ ಒಪ್ಪುವವರೇ ಹಣ್ಣಿನ ಪಾನೀಯ, ಸ್ಪೋರ್ಟ್ಸ್ ಡ್ರಿಂಕ್, ಫ್ಲೇವರ್ ನೀರಿನ ವಿಷಯ ಬಂದಾಗ ಮೆತ್ತಗಾಗುತ್ತಿದ್ದರು. ಓದಿ ನಗು ಬಂತು. ನಮ್ಮ ಬೀದಿಗೇ ಬಂದು ಬರೆದುಕೊಂಡು ಹೋದರೇನೋ ಅನ್ನಿಸಿತು.

"ಹಿಂದೆ ಎಲ್ಲ ಬರೆದಿರುತ್ತಾರಲ್ಲ, ಓದಿಕೊಳ್ಳಬೇಕು" ಅಂತ ಹೇಳುವವರಿದ್ದಾರೆ. ಸರಿ, ಓದೋಣ. ಮೊನ್ನೆ ಕಾಂಡಿಮೆಂಟ್ಸ್ ಅಂಗಡಿ ಮುಂದೆ ನಿಂತು 150 ಮಿಲಿಯ ಒಂದು ಪ್ಯಾಕ್ ತಿರುಗಿಸಿದೆ. ಮುಂದೆ ರಸ ಸುರಿಯುತ್ತಿರುವ ದೊಡ್ಡ ಮಾವಿನ ಹಣ್ಣು. ಹಿಂದೆ, ಸ್ಟ್ರಾ ಅಂಟಿಸುವ ಜಾಗದ ಪಕ್ಕದಲ್ಲಿ, ಅಕ್ಕಿ ಕಾಳಿಗಿಂತ ಸಣ್ಣ ಅಕ್ಷರ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದ ಮೇಲೆ ಗೊತ್ತಾಯಿತು: 100 ಮಿಲಿಗೆ ಸೇರಿಸಿದ ಸಕ್ಕರೆ 12 ಗ್ರಾಂ. ಪ್ಯಾಕಿಗೆ 18 ಗ್ರಾಂ ಆಯಿತು. ಒಂದು ಟೀ ಚಮಚಕ್ಕೆ 4 ಗ್ರಾಂ ಅಂತ ಇಟ್ಟುಕೊಂಡರೆ ನಾಲ್ಕೂವರೆ ಚಮಚ. ನಮ್ಮ ಮನೆಯಲ್ಲಿ ಕಾಫಿಗೆ ನಾಲ್ಕೂವರೆ ಚಮಚ ಸಕ್ಕರೆ ಹಾಕಿದರೆ ಅತ್ತೆ ಲೋಟ ಎತ್ತಿ ಸಿಂಕಿಗೆ ಸುರಿಯುತ್ತಾರೆ.

ಅದರ ಪಕ್ಕದಲ್ಲೇ ಒಂದು ಶೇಕಡಾ ಇತ್ತು. ದಿನಕ್ಕೆ ಬೇಕಾದ್ದರಲ್ಲಿ ಇದು ಶೇ. 36 ಅಂತ. ಓಹೋ, ಮೂರನೇ ಒಂದು ಭಾಗ ಅಷ್ಟೇ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಆ ಲೆಕ್ಕ ಯಾರದು ಗೊತ್ತಾ? ದೊಡ್ಡವರದು. ನಮ್ಮ ದೇಶದ ಲೇಬಲ್ ನಿಯಮದಲ್ಲಿ ದಿನಕ್ಕೆ 2000 ಕ್ಯಾಲೊರಿ ತಿನ್ನುವ ಮನುಷ್ಯನಿಗೆ 50 ಗ್ರಾಂ ಸೇರಿಸಿದ ಸಕ್ಕರೆ ಅಂತ ಇಟ್ಟು ಶೇಕಡಾ ಹಾಕುತ್ತಾರೆ. ಮಾವಿನ ಪ್ಯಾಕ್ ಕುಡಿಯುವವನು ಐದನೇ ಕ್ಲಾಸಿನ ಹುಡುಗ. 2ರಿಂದ 18 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಇರಲಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2016ರಲ್ಲೇ ಹೇಳಿದೆ. ಆ ಲೆಕ್ಕಕ್ಕೆ ಹಾಕಿದರೆ ಅದೇ ಪ್ಯಾಕ್ ಶೇ. 72. ಮಕ್ಕಳಿಗೇ ಅಂತ ಮಾಡಿ, ಮಕ್ಕಳ ಕೈಗೆ ಸರಿಹೋಗುವ ಅಳತೆಯಲ್ಲಿ ಕಟ್ಟಿ, ಲೆಕ್ಕ ಮಾತ್ರ ಅಪ್ಪನದು ಹಾಕುವುದು ಯಾವ ನ್ಯಾಯ ಹೇಳಿ.

ದೊಡ್ಡ ಬಾಟಲಿಗಳದ್ದು ಇನ್ನೊಂದು ಆಟ. ಶೇಕಡಾ ಹಾಕುವುದು ಒಂದು ಸರ್ವಿಂಗಿಗೆ, ಅಂದರೆ ಒಂದು ಸಲಕ್ಕೆ ಕುಡಿಯುವ ಅಳತೆಗೆ. ಒಂದು ಬಾಟಲಿಯಲ್ಲಿ ಎಷ್ಟು ಸರ್ವಿಂಗ್ ಅನ್ನುವುದನ್ನು ಇನ್ನೆಲ್ಲೋ ಹುಡುಕಿ, ಗುಣಿಸಿ, ಆಮೇಲೆ ತಲೆ ಕೆಡಿಸಿಕೊಳ್ಳಬೇಕು. ಇದನ್ನೆಲ್ಲ ಅಂಗಡಿ ಮುಂದೆ, ಒಂದು ಕೈಯಲ್ಲಿ ಸ್ಕೂಲ್ ಬ್ಯಾಗು, ಇನ್ನೊಂದು ಕೈಯಲ್ಲಿ ಜಗ್ಗಾಡುವ ಮಗು ಇಟ್ಟುಕೊಂಡು ಮಾಡುವವರು ಯಾರಿದ್ದಾರೆ?

ಸರ್ಕಾರದ ತೆರಿಗೆಯೂ ನಮ್ಮ ಹಾಗೇ ಯೋಚಿಸುತ್ತದೆ ಅನ್ನುವುದು ಇನ್ನೂ ಮಜಾ. 2025ರ ಸೆಪ್ಟೆಂಬರ್ 22ರಿಂದ ಕೋಲಾ ಥರದ ಗ್ಯಾಸ್ ತುಂಬಿದ ಪಾನೀಯಕ್ಕೆ ಜಿಎಸ್‌ಟಿ ಶೇ. 40. ಗ್ಯಾಸ್ ಇಲ್ಲದ ಹಣ್ಣಿನ ಪಾನೀಯಕ್ಕೆ ಮೊದಲು 12 ಇತ್ತು, ಅವತ್ತಿನಿಂದ 5. ಸಕ್ಕರೆ ಎರಡರಲ್ಲೂ ಇದೆ. ವ್ಯತ್ಯಾಸ ಇರೋದು ಗುಳ್ಳೆಯಲ್ಲಿ.

ಇನ್ನು ಓಆರ್‌ಎಸ್ ವಿಷಯ. ಮಕ್ಕಳಿಗೆ ಭೇದಿ ಆದಾಗ ಮೆಡಿಕಲ್ ಸ್ಟೋರಿಗೆ ಓಡಿಹೋಗಿ ಓಆರ್‌ಎಸ್ ಕೇಳಿದರೆ ಸುಮಾರು ಕಡೆ ಕೈಗೆ ಬರುತ್ತಿದ್ದದ್ದು ಹಣ್ಣಿನ ರುಚಿಯ, ಸಿಹಿ ಸಿಹಿ ಟೆಟ್ರಾ ಪ್ಯಾಕ್. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, ಜೊತೆಗೆ ಲೆಕ್ಕ ಹಾಕಿದ ಉಪ್ಪು. ಈ ಪ್ಯಾಕುಗಳಲ್ಲಿ ಸಕ್ಕರೆ ಅದರ ಎಷ್ಟೋ ಪಟ್ಟು. ಭೇದಿ ಆಗುತ್ತಿರುವ ಮಗುವಿಗೆ ಅಷ್ಟು ಸಕ್ಕರೆ ಹೋದರೆ ಅದು ಕರುಳಿಗೆ ಇನ್ನಷ್ಟು ನೀರು ಎಳೆಯುತ್ತದೆ, ಭೇದಿ ಹೆಚ್ಚಾಗುತ್ತದೆ. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಆ ಸೂತ್ರದ ಪ್ರಕಾರ ಮಾಡದ ಯಾವ ಪಾನೀಯವೂ ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಿಕೊಳ್ಳುವ ಹಾಗಿಲ್ಲ ಅಂತ ಆದೇಶ ಮಾಡಿತು. ಹೆಸರಿನ ಮೂರು ಅಕ್ಷರ ನಂಬಿ ಕೊಂಡವರಲ್ಲಿ ಇಂಗ್ಲಿಷ್ ಚೆನ್ನಾಗಿ ಓದಬಲ್ಲವರೂ ಇದ್ದರು, ಸಾಫ್ಟ್‌ವೇರಿನವರೂ ಇದ್ದರು. ಹಾಗಾಗಿ "ಓದು ಬರದವರಿಗೆ ಮಾತ್ರ ಲೇಬಲ್ ಬೇಕು, ನಮಗೆ ಬೇಡ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಲೇಬಲ್ ಹಾಕಿದರೆ ನಿಜವಾಗಲೂ ಏನಾದರೂ ಆಗುತ್ತಾ? ನನ್ನ ಗಂಡನ ವಾದ, ಏನೂ ಆಗಲ್ಲ. ಸಿಗರೇಟಿನ ಮೇಲೆ ಅಷ್ಟು ದೊಡ್ಡ ಫೋಟೋ ಹಾಕಿದರೂ ಜನ ಸೇದುತ್ತಾರಲ್ಲ ಅಂತ. ಸೇದುವವರಿಗೆ ಅದು ಚಟ. ಮಗುವಿಗೆ ಜ್ಯೂಸ್ ಕೊಡಿಸುವ ಅಮ್ಮನಿಗೆ ಜ್ಯೂಸಿನ ಚಟ ಇಲ್ಲ. ಅವಳು ಇದು ಒಳ್ಳೆಯದು ಅಂದುಕೊಂಡು ಕೊಡಿಸುತ್ತಿದ್ದಾಳೆ, ಅಷ್ಟೇ.

2016ರಲ್ಲಿ ಅಮೆರಿಕದ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ಇದೆ. ಸುಮಾರು 2,400 ಅಪ್ಪ ಅಮ್ಮಂದಿರು, ಎಲ್ಲರಿಗೂ 6ರಿಂದ 11 ವರ್ಷದ ಮಕ್ಕಳು. ಕಂಪ್ಯೂಟರಿನಲ್ಲಿ ಪಾನೀಯ ಮಾರುವ ಒಂದು ಮಶೀನ್ ತೋರಿಸಿ, ನಿಮ್ಮ ಮಗುವಿಗೆ ಒಂದು ಪಾನೀಯ ಆರಿಸಿ ಅಂದರು. ಲೇಬಲ್ ಇಲ್ಲದಾಗ ಶೇ. 60 ಜನ ಸಕ್ಕರೆ ಪಾನೀಯ ಆರಿಸಿದರು. ಕ್ಯಾಲೊರಿ ಎಷ್ಟು ಅಂತ ಮಾತ್ರ ಬರೆದಾಗ ಶೇ. 53. ಇದನ್ನು ಕುಡಿದರೆ ಬೊಜ್ಜು, ಡಯಾಬಿಟಿಸ್, ಹಲ್ಲು ಹುಳುಕು ಬರುವುದಕ್ಕೆ ಕಾರಣವಾಗುತ್ತದೆ ಅಂತ ನೇರವಾಗಿ ಬರೆದಾಗ ಶೇ. 40. ಅಂಕಿ ಕೊಟ್ಟರೆ ಜನ ಅಷ್ಟೇನೂ ಕದಲಲಿಲ್ಲ, ಕಾಯಿಲೆಯ ಹೆಸರು ಹೇಳಿದಾಗ ಕೈ ಹಿಂದೆ ಹೋಯಿತು. ಇಂಥ ಎಚ್ಚರಿಕೆ ಬೇಕು ಅಂದವರು ಅವರಲ್ಲಿ ಮುಕ್ಕಾಲು ಪಾಲು. ನಮ್ಮ ತಲೆ ಮೇಲೆ ಸರ್ಕಾರ ಕೂತುಕೊಳ್ಳುತ್ತೆ ಅಂತ ಕೂಗಾಡುವ ದೇಶ ಅದು, ಅಲ್ಲೂ ಅಪ್ಪ ಅಮ್ಮಂದಿರ ಮಾತು ಹೀಗಿತ್ತು.

ಕಂಪ್ಯೂಟರಿನಲ್ಲಿ ಒತ್ತುವುದಕ್ಕೂ ದುಡ್ಡು ಕೊಟ್ಟು ಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅಂತೀರಾ, ಹೌದು. ಅದಕ್ಕೇ ಅಮೆರಿಕದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದವರು ಒಂದು ಪುಟ್ಟ ಅಂಗಡಿಯನ್ನೇ ಇಟ್ಟು ನೋಡಿದರು. ಬಾಟಲಿಗಳ ಮೇಲೆ ಹೃದಯದ ಕಾಯಿಲೆಯ, ಡಯಾಬಿಟಿಸ್‌ನ ಚಿತ್ರ. 2022ರಲ್ಲಿ ಫಲಿತಾಂಶ ಬಂತು. ಚಿತ್ರ ಇಲ್ಲದಿದ್ದಾಗ ಮಗುವಿಗೆ ಸಕ್ಕರೆ ಪಾನೀಯ ಕೊಂಡವರು ಶೇ. 45, ಚಿತ್ರ ಇದ್ದಾಗ ಶೇ. 28.

ಆದರೆ ನನಗೆ ಇವೆಲ್ಲಕ್ಕಿಂತ ಇಷ್ಟವಾಗಿದ್ದು ಚಿಲಿ ದೇಶದ ಕತೆ. 2016ರ ಜೂನಿನಿಂದ ಅಲ್ಲಿ ಸಕ್ಕರೆ ಜಾಸ್ತಿ ಇರುವ ಪ್ಯಾಕಿನ ಮುಂದೆ ಎಂಟು ಮೂಲೆಯ ಕಪ್ಪು ಗುರುತು ಹಾಕಲೇಬೇಕು. ಆ ಗುರುತು ಇರುವ ಪ್ಯಾಕಿನ ಮೇಲೆ ಕಾರ್ಟೂನ್ ಗೊಂಬೆ ಹಾಕುವ ಹಾಗಿಲ್ಲ, ಶಾಲೆಯೊಳಗೆ ಮಾರುವ ಹಾಗಿಲ್ಲ. ಮೊದಲ ಒಂದೂವರೆ ವರ್ಷದಲ್ಲೇ ಸಿಹಿ ಪಾನೀಯದ ಖರೀದಿ ಸುಮಾರು ಕಾಲು ಭಾಗ ಇಳಿಯಿತು. ಸ್ಯಾಂಟಿಯಾಗೊದ ಅಮ್ಮಂದಿರನ್ನು ಕೂರಿಸಿಕೊಂಡು ಮಾತಾಡಿಸಿದ ಒಂದು ಅಧ್ಯಯನದಲ್ಲಿ ಇನ್ನೊಂದು ವಿಷಯ ಬಂತು: ಚಿಕ್ಕ ಮಕ್ಕಳೇ ಅಮ್ಮಂದಿರಿಗೆ ಹೇಳುತ್ತಿದ್ದರಂತೆ, ಅದರ ಮೇಲೆ ಕಪ್ಪು ಗುರುತಿದೆ, ಸ್ಕೂಲಿಗೆ ತರಬೇಡ ಅಂತ.

ಇದನ್ನು ನಾನು ಸುಲಭವಾಗಿ ನಂಬುತ್ತೇನೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲೆಲ್ಲ ಶುಗರ್ ಬೋರ್ಡ್ ಹಾಕಿ ಅಂತ ಸುತ್ತೋಲೆ ಕಳಿಸಿತು. 4ರಿಂದ 10 ವರ್ಷದ ಮಕ್ಕಳ ದಿನದ ಕ್ಯಾಲೊರಿಯಲ್ಲಿ ಶೇ. 13, 11ರಿಂದ 18ರವರಲ್ಲಿ ಶೇ. 15 ಬರೀ ಸಕ್ಕರೆಯಿಂದ ಬರುತ್ತಿದೆ, ಇರಬೇಕಾದದ್ದು ಶೇ. 5 ಅಂತ ಅದರಲ್ಲಿತ್ತು. ನನ್ನ ಮಗನ ಶಾಲೆಯಲ್ಲೂ ಹಾಕಿದರು. ಒಂದೊಂದು ಪ್ಯಾಕಿನ ಕೆಳಗೆ ಅದರಲ್ಲಿರುವಷ್ಟು ಸಕ್ಕರೆಯನ್ನು ಪಾರದರ್ಶಕ ಕವರಿನಲ್ಲಿ ತುಂಬಿ ನೇತುಹಾಕಿದ್ದಾರೆ. ಅದನ್ನು ನೋಡಿ ಬಂದ ಸಂಜೆ ಅವನು ಷೂ ಕೂಡ ಬಿಚ್ಚದೆ ಅಜ್ಜಿ ಮುಂದೆ ನಿಂತ.

"ಅಜ್ಜಿ, ನೀನು ತರ್ತೀಯಲ್ಲ ಮ್ಯಾಂಗೋದು, ಅದರ ಕವರೇ ಎಲ್ಲಕ್ಕಿಂತ ದಪ್ಪ ಇತ್ತು."

"ಹಣ್ಣಿನ ರಸ ಕಣೋ ಅದು."

"ಇಲ್ಲಜ್ಜಿ. ನಾನೇ ನೋಡ್ದೆ. ಕೋಲಾದ್ದೂ ಅದ್ದೂ ಪಕ್ಕಪಕ್ಕ ಇಟ್ಟಿದಾರೆ."

ನಾನು ಇದನ್ನೇ ಹೇಳಿದ್ದರೆ "ಒಂದಿನಕ್ಕೆ ಏನಾಗಲ್ಲ ಬಿಡಮ್ಮ" ಅಂತಿದ್ದರು. ಇದು ನಮ್ಮ ಮನೆಯ ರಾಷ್ಟ್ರಗೀತೆ. ಮೊಮ್ಮಗ ಹೇಳಿದಾಗ ಒಂದು ಕ್ಷಣ ಅವನ ಮುಖ ನೋಡಿ, ಕನ್ನಡಕ ತರಿಸಿಕೊಂಡು, ಮನೆಯಲ್ಲಿದ್ದ ಒಂದು ಪ್ಯಾಕನ್ನು ತಿರುಗಿಸಿ ಮುರುಗಿಸಿ ನೋಡಿದರು. ಬರೀ ಇಂಗ್ಲಿಷ್. ದಿನಾ ಬೆಳಗ್ಗೆ ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿವರೆಗೂ ಬಿಡದೆ ಓದುವ ಹೆಂಗಸಿಗೆ ಆ ಪ್ಯಾಕಿನ ಮೇಲೆ ಓದುವುದಕ್ಕೆ ಒಂದು ಸಾಲೂ ಇರಲಿಲ್ಲ. ನಿಯಮವೇ ಹಾಗಿದೆ. ಆಹಾರದ ಲೇಬಲ್ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಕಂಪನಿಯ ಇಷ್ಟ. ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಇಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡವೂ ಇರಬೇಕು ಅಂತ ಹೇಳಿತು. ಮಾವಿನ ಪ್ಯಾಕಿನ ಹಿಂದೆ ಅದು ನನಗಿನ್ನೂ ಕಂಡಿಲ್ಲ.

ಅದಕ್ಕೇ ನಾನು ಹೇಳುವುದು, ಅಕ್ಷರಕ್ಕಿಂತ ಗುರುತು ವಾಸಿ. ನಮ್ಮ ದೇಶದಲ್ಲಿ ಅಂಥದ್ದೊಂದು ಆಗಲೇ ಗೆದ್ದಿದೆಯಲ್ಲ. ಹಸಿರು ಚುಕ್ಕೆ! ಬಿಸ್ಕತ್ತಿನ ಪ್ಯಾಕ್ ಕೈಗೆ ಬಂದರೆ ಅತ್ತೆ ಮೊದಲು ಹುಡುಕುವುದು ಅದನ್ನೇ. ಯಾವ ಭಾಷೆಯೂ ಬೇಕಾಗಿಲ್ಲ, ಲೆಕ್ಕವೂ ಬೇಕಾಗಿಲ್ಲ.

ಆದರೆ ನಮ್ಮ ಎಫ್‌ಎಸ್‌ಎಸ್‌ಎಐನವರು 2022ರ ಸೆಪ್ಟೆಂಬರಿನಲ್ಲಿ ಕರಡು ಮಾಡಿದ್ದು ಎಚ್ಚರಿಕೆ ಗುರುತಿನದಲ್ಲ, ನಕ್ಷತ್ರದ್ದು. ಅರ್ಧದಿಂದ ಐದರವರೆಗೆ ಸ್ಟಾರ್ ಕೊಡುವುದು. ಮಗನ ಹೋಂವರ್ಕ್ ಪುಸ್ತಕದಲ್ಲಿ ಮಿಸ್ ಒಂದು ಸ್ಟಾರ್ ಹಾಕಿದರೂ ಅವನು ಅದನ್ನು ಮನೆಯವರಿಗೆಲ್ಲ ತೋರಿಸಿಕೊಂಡು ಬರುತ್ತಾನೆ. ಸ್ಟಾರ್ ಅಂದರೆ ಶಭಾಷ್ ಅಂತ ಅರ್ಥ, ಎಷ್ಟೇ ಇರಲಿ. ಸಕ್ಕರೆ ನೀರಿಗೆ ಒಂದೂವರೆ ಶಭಾಷ್ ಯಾಕೆ? ಇದರ ಬಗ್ಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸುಪ್ರೀಂ ಕೋರ್ಟಿಗೂ ಹೋಯಿತು. 2025ರ ಏಪ್ರಿಲಿನಲ್ಲಿ ಕೋರ್ಟ್, ಪ್ಯಾಕಿನ ಮುಂಭಾಗದ ಲೇಬಲ್ ಬಗ್ಗೆ ಮೂರು ತಿಂಗಳಲ್ಲಿ ತಜ್ಞರ ಸಮಿತಿಯ ಶಿಫಾರಸು ತನ್ನಿ ಅಂತ ಹೇಳಿತು. ನಮ್ಮಲ್ಲಿ ಮೂರು ತಿಂಗಳು ಅಂದರೆ ಎಷ್ಟು ಅಂತ ನಿಮಗೇ ಗೊತ್ತು.

ಕೋರ್ಟಿನ ದಾರಿ ಎಲ್ಲ ಕಡೆಯೂ ಹೀಗೇ. ಸ್ಯಾನ್ ಫ್ರಾನ್ಸಿಸ್ಕೊ ನಗರ 2015ರಲ್ಲೇ ಸಿಹಿ ಪಾನೀಯದ ಜಾಹೀರಾತಿನ ಮೇಲೆ ಎಚ್ಚರಿಕೆ ಇರಬೇಕು ಅಂತ ಕಾನೂನು ಮಾಡಿತ್ತು. ಪಾನೀಯ ಕಂಪನಿಗಳ ಸಂಘ ಕೋರ್ಟಿಗೆ ಹೋಯಿತು, 2019ರಲ್ಲಿ ಮೇಲಿನ ಕೋರ್ಟ್ ತಡೆ ಹಾಕಿತು. ನಮ್ಮಲ್ಲಿ ಸಿಗರೇಟು ಪ್ಯಾಕಿನ ಶೇ. 85 ಜಾಗದಲ್ಲಿ ಚಿತ್ರ ಇರಬೇಕು ಅನ್ನುವ ನಿಯಮವನ್ನು 2017ರ ಡಿಸೆಂಬರಿನಲ್ಲಿ ಹೊಡೆದುಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟೇ. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿದ್ದರಿಂದ ಚಿತ್ರಗಳು ಉಳಿದವು.

ಎಚ್ಚರಿಕೆ ಇದ್ದೂ ಇಲ್ಲದ ಹಾಗೆ ಇರುವುದು ಹೇಗೆ ಅಂತ ನೋಡಬೇಕಾದರೆ ಸಂಜೆ ಆರೂವರೆಗೆ ಯಾವುದಾದರೂ ಟ್ಯೂಷನ್ ಸೆಂಟರಿನ ಮುಂದೆ ನಿಲ್ಲಿ. ಎಂಟನೇ ಕ್ಲಾಸು, ಒಂಬತ್ತನೇ ಕ್ಲಾಸಿನ ಹುಡುಗರ ಕೈಯಲ್ಲಿ ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್. ಲೀಟರಿಗೆ 145 ಮಿಲಿಗ್ರಾಂಗಿಂತ ಜಾಸ್ತಿ ಕೆಫೀನ್ ಇರುವ ಇಂಥ ಪಾನೀಯದ ಮೇಲೆ, ಇದು ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಅಲ್ಲ ಅಂತ ಬರೆಯಲೇಬೇಕು ಅನ್ನುವ ನಿಯಮ ಇದೆ. ಬರೆದೂ ಇರುತ್ತದೆ. ಬಾಟಲಿಯ ಹಿಂದೆ, ಇಂಗ್ಲಿಷಿನಲ್ಲಿ, ಸಣ್ಣದಾಗಿ. ಅಂಗಡಿಯವರನ್ನು "ಏನಣ್ಣ, ಇದನ್ನ ಮಕ್ಕಳಿಗೆ ಕೊಡ್ತೀರಲ್ಲ" ಅಂತ ಕೇಳಿದರೆ "ಹೌದಾ ಮೇಡಂ? ಎಲ್ಲಿ ಬರೆದಿದೆ?" ಅಂತ ಅವರೇ ತಿರುಗಿಸಿ ನೋಡಿದರು. ಸುಳ್ಳು ಹೇಳುತ್ತಿರಲಿಲ್ಲ ಪಾಪ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ಪದಾರ್ಥ ಮಾರಬಾರದು ಅಂತ 2020ರ ನಿಯಮ ಇದೆ ಅಂತ ಅವರಿಗೆ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಟ್ಯೂಷನ್ನಿಗೆ ಅದು ಅನ್ವಯಿಸುವುದೂ ಇಲ್ಲ.

ಎದುರು ಮನೆಯ ಆಂಟಿಯ ಪ್ರಶ್ನೆ ಬೇರೆ. "ಹಾಗಾದ್ರೆ ಮೈಸೂರ್ ಪಾಕಿಗೂ ಕಪ್ಪು ಗುರುತು ಹಾಕಿಸ್ತೀಯಾ? ಕಬ್ಬಿನ ಹಾಲಿಗೆ?" ಒಳ್ಳೆ ಪ್ರಶ್ನೆ. ಬಿಡಿಯಾಗಿ ಮಾರುವುದಕ್ಕೆ ಲೇಬಲ್ ಎಲ್ಲಿ ಅಂಟಿಸುವುದು? ಲೋಟದ ಬಾದಾಮಿ ಹಾಲಿನಲ್ಲೂ ಸಕ್ಕರೆ ಸುರಿದಿರುತ್ತಾರೆ, ಕಬ್ಬಿನ ಹಾಲಂತೂ ಕೇಳಲೇಬೇಡಿ. ಆದರೆ ಮೈಸೂರು ಪಾಕ್ ಮಾರುವವರು ಯಾರೂ ಇದು ಮಗುವಿನ ಶಕ್ತಿಗೆ, ವಿಟಮಿನ್ ಸಿ ಇದೆ, ನಿಜವಾದ ಹಣ್ಣು ಹಾಕಿದ್ದೇವೆ ಅಂತ ಡಂಗುರ ಹೊಡೆಯುವುದಿಲ್ಲ. ಹಬ್ಬಕ್ಕೆ ತಂದು ತಿಂದು ಮುಗಿಸುತ್ತೇವೆ, ಡಬ್ಬಿಗೆ ಹಾಕಿ ದಿನಾ ಸ್ಕೂಲಿಗೆ ಕಳಿಸುವುದಿಲ್ಲ.

ಇನ್ನು ಝೀರೋ ಶುಗರ್. ಸಕ್ಕರೆಗೆ ಮಾತ್ರ ಗುರುತು ಹಾಕಿದರೆ ಕಂಪನಿಯವರು ಸಕ್ಕರೆ ತೆಗೆದು ಬೇರೆ ಸಿಹಿ ಹಾಕುತ್ತಾರೆ, ಗುರುತು ಮಾಯ. ಮಗುವಿನ ನಾಲಿಗೆಗೆ ಅದೇ ಸಿಹಿ ಅಭ್ಯಾಸ. ಮೆಕ್ಸಿಕೊದವರು 2020ರಲ್ಲಿ ಇದಕ್ಕೂ ದಾರಿ ಹುಡುಕಿದರು. ಇದರಲ್ಲಿ ಸಿಹಿಕಾರಕ ಇದೆ, ಮಕ್ಕಳಿಗೆ ಬೇಡ ಅಂತ ಇನ್ನೊಂದು ಪಟ್ಟಿ ಸೇರಿಸಿದರು. ನಮ್ಮಲ್ಲೂ ಲೇಬಲ್ ಬರುವುದಾದರೆ ಇದನ್ನು ಮೊದಲೇ ಯೋಚಿಸಿದರೆ ಒಳ್ಳೆಯದು.

ಬೆಂಗಳೂರಿನವರಿಗೆ ಇನ್ನೊಂದು ತಲೆನೋವಿದೆ, ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳು. ಅಂಗಡಿಯಲ್ಲಾದರೆ ಪ್ಯಾಕ್ ತಿರುಗಿಸಿ ನೋಡಬಹುದು. ಫೋನಿನಲ್ಲಿ ಕಾಣುವುದು ಹೆಬ್ಬೆಟ್ಟಿನಷ್ಟು ಚಿತ್ರ, ಅದೂ ಮುಂಭಾಗದ್ದು ಮಾತ್ರ. ಹಿಂದೆ ಏನಿದೆ ಅಂತ ಸ್ಕ್ರಾಲ್ ಮಾಡಿ ಹುಡುಕುವಷ್ಟರಲ್ಲಿ ಮಗ ಕಾರ್ಟಿಗೆ ಹಾಕಿ ಆಗಿರುತ್ತದೆ. 2024ರ ಏಪ್ರಿಲಿನಲ್ಲಿ ಹಾಲಿಗೆ ಬೆರೆಸುವ ಪುಡಿಗಳನ್ನು ಹೆಲ್ತ್ ಡ್ರಿಂಕ್ ವಿಭಾಗದಿಂದ ತೆಗೆಯಿರಿ ಅಂತ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು. ಅದೇ ಥರ, ಗುರುತು ಬಂದ ಮೇಲೆ ಅದು ಆ್ಯಪಿನ ಚಿತ್ರದ ಮೇಲೂ ಕಾಣಬೇಕು ಅಂತ ಬರೆಯದಿದ್ದರೆ ನಮ್ಮಂಥ ಊರಿನಲ್ಲಿ ಅರ್ಧ ಜನಕ್ಕೆ ಅದು ಕಣ್ಣಿಗೇ ಬೀಳುವುದಿಲ್ಲ.

ಸದ್ಯಕ್ಕೆ ನಮ್ಮ ಮನೆಯಲ್ಲಿ ನಡೆಯುತ್ತಿರುವ ಗಲಾಟೆ ಬರುವ ತಿಂಗಳ ಮಗನ ಹುಟ್ಟುಹಬ್ಬದ್ದು. ಬರುವ ಮಕ್ಕಳಿಗೆಲ್ಲ ಏನು ಕುಡಿಯಲು ಕೊಡುವುದು? ಶುಗರ್ ಬೋರ್ಡಿನ ಭಾಷಣ ಮಾಡಿದವನೇ ಈಗ ಅವತ್ತು ಒಂದು ದಿನ ಮ್ಯಾಂಗೋ ಇರಲಿ ಅಂತ ಅಜ್ಜಿಯನ್ನು ಒಪ್ಪಿಸಿದ್ದಾನೆ, ಅಜ್ಜಿ ರಾಷ್ಟ್ರಗೀತೆ ಹಾಡಿಯೂ ಆಯಿತು. ಮಸಾಲೆ ಮಜ್ಜಿಗೆ ಅಂದರೆ ಮುಖ ಊದಿಸುತ್ತಾನೆ. ನಿಂಬೆ ಪಾನಕಕ್ಕೆ ಅರ್ಧ ಒಪ್ಪಿದ್ದಾನೆ, ಸೋಡಾ ಹಾಕಿದರೆ ಮಾತ್ರ ಅಂತ ಷರತ್ತು. ಮಕ್ಕಳು ನಿಜವಾಗಲೂ ಕುಡಿದು ಖಾಲಿ ಮಾಡುವಂಥದ್ದು ಬೇರೆ ಏನಾದರೂ ನಿಮ್ಮ ಮನೆಯಲ್ಲಿ ನಡೆದಿದ್ದರೆ ಹೇಳಿ. ರಾಗಿ ಅಂಬಲಿ ಅನ್ನಬೇಡಿ, ಕೇಳಿ ಆಯಿತು.